ಮಳೆಗಾಲ ಕಳೆದ ಮೇಲೆ ಹಳೇ ಕಾರಿನ ಇಂಡಿಕೇಟರ್ ಮಿಟುಕದಿದ್ದರೆ

ಮಡಿಕೇರಿ, ಭಾಗಮಂಡಲದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನಲ್ಲೇ ನಿಂತ ಅಂಬಾಸಿಡರ್, ಪದ್ಮಿನಿಗಳ ಇಂಡಿಕೇಟರ್ ಕೈಕೊಡುವುದು ಮಾಮೂಲು. ಕೂಡಲೇ ಹೊಸ ಫ್ಲಾಶರ್ (ದೀಪ ಮಿಟುಕಿಸುವ ಪುಟ್ಟ ಡಬ್ಬಿ) ತರಲು ಓಡಬೇಡಿ. ಕೆಟ್ಟಿರುವುದು ಒಂದು ಬದಿಯೋ ಎರಡೂ ಬದಿಯೋ, ಅದನ್ನು ಮೊದಲು ನೋಡಿ.

ಒಂದು ಬದಿ ಸರಿಯಾಗಿ ಮಿಟುಕುತ್ತಿದೆ ಎಂದರೆ ಫ್ಯೂಸೂ ಫ್ಲಾಶರೂ ಚೆನ್ನಾಗಿವೆ. ದೋಷ ಹೆಚ್ಚಾಗಿ ಇನ್ನೊಂದು ಬದಿಯ ಬಲ್ಬು, ಹೋಲ್ಡರ್ ಅಥವಾ ಕರೆಂಟು ಕಾರಿನ ಲೋಹದ ಮೂಲಕ ಬ್ಯಾಟರಿಗೆ ಮರಳುವ ದಾರಿಯಾದ ಅರ್ತ್‌ನಲ್ಲಿದೆ. ಹಳೇ ಥರ್ಮಲ್ ಫ್ಲಾಶರ್ ಬಲ್ಬು ಎಳೆಯುವ ಕರೆಂಟಿನ ಕಾವಿನಿಂದಲೇ ಕೆಲಸ ಮಾಡುತ್ತದೆ: 12 ವೋಲ್ಟಿನಲ್ಲಿ 21 ವಾಟಿನ ಎರಡು ಬಲ್ಬಿಗೆ ಸುಮಾರು 3.5 ಆಂಪಿಯರ್. ಒಂದು ಬಲ್ಬು ಸುಟ್ಟರೂ, ಯಾರೋ 10 ವಾಟಿನದು ಹಾಕಿದ್ದರೂ ಲೆಕ್ಕ ತಪ್ಪುತ್ತದೆ. ಮಿಟುಕುವ ವೇಗ ಬದಲಾಗುತ್ತದೆ, ಇಲ್ಲವೇ ದೀಪ ಸುಮ್ಮನೆ ಉರಿಯುತ್ತಾ ನಿಲ್ಲುತ್ತದೆ. ಎಲ್‌ಇಡಿ ಬಲ್ಬು ಹಾಕಿದರೂ ಇದೇ ಕಥೆ. ಅದಕ್ಕೆ ಎಲೆಕ್ಟ್ರಾನಿಕ್ ಫ್ಲಾಶರೇ ಬೇಕು. ಪಾಸಿಟಿವ್ ಅರ್ತ್ ಇರುವ (ಬ್ಯಾಟರಿಯ ಪ್ಲಸ್ ತುದಿಯನ್ನು ಕಾರಿನ ಲೋಹಕ್ಕೆ ಕೂಡಿಸಿರುವ) ಹಳೇ ಗಾಡಿಯಾದರೆ ಅದಕ್ಕೆ ಹೊಂದುವುದನ್ನೇ ಕೇಳಿ ತನ್ನಿ.

ಕೊಡಗಿನ ಥಂಡಿಯಲ್ಲಿ ನಿಜವಾದ ಕಳ್ಳ ಅರ್ತ್. ಇಂಡಿಕೇಟರ್ ಹಾಕಿದಾಗ ಪಕ್ಕದ ಟೇಲ್ ಲ್ಯಾಂಪೂ ಮಂಕಾಗಿ ಮಿಟುಕಿದರೆ ಬೇರೆ ಸಾಕ್ಷಿ ಬೇಡ. ಗುಮಾನಿಯಿದ್ದರೆ ದೀಪ ಉರಿಯುವಾಗ ಮಲ್ಟಿಮೀಟರಿನ ಒಂದು ತಂತಿ ಹೋಲ್ಡರಿನ ಲೋಹಕ್ಕೆ, ಇನ್ನೊಂದು ಬ್ಯಾಟರಿಯ ಅರ್ತ್ ತುದಿಗೆ ಹಿಡಿಯಿರಿ. 0.2 ವೋಲ್ಟಿನೊಳಗಿದ್ದರೆ ಚಿಂತೆಯಿಲ್ಲ, 0.5 ದಾಟಿದರೆ ತುಕ್ಕು ಕೂತಿದೆ. ಹೋಲ್ಡರಿನ ಒಳಗೋಡೆ, ಬಲ್ಬು ತಾಗುವ ತಳದ ಹಿತ್ತಾಳೆ ತುದಿ, ಕಾರಿನ ಬಾಡಿಗೆ ಕೂರುವ ಸ್ಕ್ರೂ ಮೂರನ್ನೂ ನಯವಾದ ಎಮರಿ ಪೇಪರಿನಿಂದ ಹೊಳೆಯುವಂತೆ ಉಜ್ಜಿ, ತೆಳ್ಳಗೆ ವ್ಯಾಸಲೀನ್ ಸವರಿ. ಸ್ಕ್ರೂ ಕೆಳಗೆ ಪೇಂಟ್ ಉಳಿದಿದ್ದರೆ ಪಟ್ಟ ಪಾಡೆಲ್ಲ ವ್ಯರ್ಥ. ಹೋಲ್ಡರಿನಿಂದ ಚಾಸಿಗೆ 1.5 ಚದರ ಮಿಮೀ ತಂತಿಯೊಂದನ್ನು ಎಳೆದುಬಿಟ್ಟರೆ ಮುಂದಿನ ಮಳೆಗೂ ತಲೆನೋವಿಲ್ಲ.

ಎರಡೂ ಬದಿ ಸತ್ತಿದ್ದರೆ ಮೊದಲು ಫ್ಯೂಸ್. ಅದು ಸರಿಯಿದ್ದರೆ ಇಗ್ನಿಷನ್ ಆನ್ ಮಾಡಿ, ಸ್ವಿಚ್ಚನ್ನು ಒಂದು ಬದಿಗೆ ತಿರುಗಿಸಿ, ಫ್ಲಾಶರಿನ ತಂತಿಗಳನ್ನು ಕಳಚಿ ಬಿ (ಬ್ಯಾಟರಿ ಕಡೆಯ), ಎಲ್ (ದೀಪದ ಕಡೆಯ) ತಂತಿ ಎರಡನ್ನೂ ತುಂಡು ತಂತಿಯಿಂದ ಜೋಡಿಸಿ. ಅದನ್ನು ಕಾರಿನ ಲೋಹಕ್ಕೆ ತಾಗಿಸಬೇಡಿ, ಫ್ಯೂಸ್ ಹೋಗುತ್ತದೆ. ದೀಪ ನಿಂತು ಉರಿದರೆ ಫ್ಲಾಶರ್ ಸತ್ತಿದೆ. ಉರಿಯದಿದ್ದರೆ ಬಿ ತಂತಿಗೆ ಟೆಸ್ಟ್ ಲ್ಯಾಂಪ್ (ಕರೆಂಟು ಇದೆಯೇ ಎಂದು ತೋರಿಸುವ ತಂತಿ ಕಟ್ಟಿದ ಬಲ್ಬು) ಇಡಿ: ಹೊತ್ತಿದರೆ ಸ್ಟೀರಿಂಗ್ ಬಳಿಯ ಸ್ವಿಚ್ಚು ಅಥವಾ ಮುಂದಿನ ವೈರಿಂಗ್, ಹೊತ್ತದಿದ್ದರೆ ಸಪ್ಲೈ ಬರುವ ದಾರಿ. ಶೆಡ್ಡಿನಲ್ಲಿ ಇಲಿಯಿದ್ದರೆ ಡ್ಯಾಶ್‌ಬೋರ್ಡಿನಡಿ ತಂತಿಯನ್ನೂ ತಡವಿ ನೋಡಿ.

ಸಂಪಾಜೆ ಘಾಟಿಯ ಮಂಜಿನಲ್ಲಿ ಹೆಡ್‌ಲೈಟೂ ವೈಪರೂ ಹಾಕಿ ನಿಂತಾಗ ಮಾತ್ರ ಇಂಡಿಕೇಟರ್ ಮಿಟುಕುವುದು ನಿಧಾನವಾಗುತ್ತದೆಯೇ? ಡೈನಮೋ (ಹಳೇ ಬಗೆಯ ಚಾರ್ಜಿಂಗ್ ಯಂತ್ರ) ಇರುವ ಗಾಡಿ ಐಡಲಿನಲ್ಲಿ ಬ್ಯಾಟರಿಯನ್ನು ಚಾರ್ಜ್ ಮಾಡುವುದಿಲ್ಲ. ಆಕ್ಸಿಲರೇಟರ್ ಒತ್ತಿದಾಗ ವೇಗ ಮರಳಿದರೆ ಇಂಡಿಕೇಟರ್ ಬಿಚ್ಚಬೇಡಿ, ಬ್ಯಾಟರಿ ಪರೀಕ್ಷಿಸಿ.