ಕಾರಿನ ಸ್ಪಾರ್ಕ್ ಪ್ಲಗ್ ಮನೆಯಲ್ಲೇ ಬದಲಿಸುವುದು: ಬಿಚ್ಚುವಾಗಿನದಕ್ಕಿಂತ ಕೂರಿಸುವಾಗ ಹೆಚ್ಚು ಎಚ್ಚರ

ನಿಂತಲ್ಲೇ ಎಂಜಿನ್ ನಡುಗುತ್ತಿದ್ದರೆ, ಪಿಕಪ್ ಕಮ್ಮಿಯಾಗಿ ಮೈಲೇಜ್ ಇಳಿದಿದ್ದರೆ ಮೊದಲು ಸ್ಪಾರ್ಕ್ ಪ್ಲಗ್ ನೋಡಿ. ಇಲ್ಲಿ ಹೇಳುತ್ತಿರುವುದು ಪ್ರತಿ ಪ್ಲಗ್‌ನ ಮೇಲೂ ಒಂದೊಂದು ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಕೊಡುವ ಭಾಗ) ಇರುವ ಪೆಟ್ರೋಲ್ ಕಾರುಗಳ ಬಗ್ಗೆ. ನಿಕಲ್ ಪ್ಲಗ್ ಸಾಮಾನ್ಯವಾಗಿ 30ರಿಂದ 40 ಸಾವಿರ ಕಿ.ಮೀ., ಇರಿಡಿಯಂ ಸುಮಾರು 1 ಲಕ್ಷ ಕಿ.ಮೀ. ಬಾಳುತ್ತದೆ, ಖಚಿತ ಲೆಕ್ಕ ನಿಮ್ಮ ಕಾರಿನ ಮ್ಯಾನುಯಲ್‌ನಲ್ಲಿದೆ. ಸಿಎನ್‌ಜಿ ಹೊತ್ತಿಸಲು ಹೆಚ್ಚು ವೋಲ್ಟೇಜ್ ಬೇಕು. ಹಾಗಾಗಿ ಸವೆದ ಪ್ಲಗ್ ಪೆಟ್ರೋಲ್‌ನಲ್ಲಿ ಸುಮ್ಮನಿದ್ದು ಗ್ಯಾಸ್‌ನಲ್ಲಿ ಮೊದಲು ತೊಂದರೆ ಕೊಡುತ್ತದೆ.

ಮ್ಯಾನುಯಲ್‌ನಲ್ಲಿರುವ ಪಾರ್ಟ್ ನಂಬರಿನ ಪ್ಲಗ್ಗನ್ನೇ, ಸಿಲಿಂಡರ್‌ಗೊಂದರಂತೆ ಪೂರ್ತಿ ಸೆಟ್ ಕೊಳ್ಳಿ. ಥ್ರೆಡ್ ಉದ್ದ ಹೆಚ್ಚಾದರೆ ಪಿಸ್ಟನ್‌ಗೆ ತಾಗಬಹುದು. ಹೀಟ್ ರೇಂಜ್ (ಪ್ಲಗ್ ತನ್ನ ಬಿಸಿಯನ್ನು ಎಷ್ಟು ಬೇಗ ಹೊರಗೆ ಬಿಡುತ್ತದೆ ಎಂಬುದು) ತಪ್ಪಿದರೆ ಪ್ಲಗ್ ಮಸಿ ಹಿಡಿಯುತ್ತದೆ, ಇಲ್ಲವೇ ಅತಿಯಾಗಿ ಕಾಯುತ್ತದೆ. ನಕಲಿ ಪ್ಲಗ್‌ಗಳೂ ಓಡಾಡುತ್ತವೆ, ಬಿಲ್ ಕೊಡುವ ಅಂಗಡಿಯಲ್ಲೇ ತೆಗೆದುಕೊಳ್ಳಿ. ಸಲಕರಣೆ: ಒಳಗೆ ರಬ್ಬರ್ ಅಥವಾ ಮ್ಯಾಗ್ನೆಟ್ ಇರುವ ಪ್ಲಗ್ ಸಾಕೆಟ್ (ಹೆಚ್ಚಿನ ಕಾರುಗಳಿಗೆ 16 ಮಿ.ಮೀ., ಕೆಲವಕ್ಕೆ 14), ಉದ್ದನೆಯ ಎಕ್ಸ್‌ಟೆನ್ಷನ್, ರ‍್ಯಾಚೆಟ್, ಕಾಯಿಲ್ ಬೋಲ್ಟ್‌ಗೆ 10 ಮಿ.ಮೀ. ಸಾಕೆಟ್, ಟಾರ್ಕ್ ರೆಂಚ್ (ಅಳತೆಯ ಬಲಕ್ಕೆ ಬಿಗಿಯುವ ಪಾನಾ).

ಎಂಜಿನ್ ಪೂರ್ತಿ ತಣ್ಣಗಾಗಲಿ. ರಾತ್ರಿ ನಿಲ್ಲಿಸಿ ಬೆಳಗ್ಗೆ ಕೈ ಹಾಕುವುದು ಒಳ್ಳೆಯದು. ಸಿಲಿಂಡರ್ ಹೆಡ್ ಅಲ್ಯೂಮಿನಿಯಂನದು. ಬಿಸಿಯಿದ್ದಾಗ ಬಲವಂತ ಮಾಡಿದರೆ ಥ್ರೆಡ್ ಕಿತ್ತು ಬರುತ್ತದೆ. ಆ ರಿಪೇರಿಯ ಖರ್ಚಿನ ಮುಂದೆ ಪ್ಲಗ್‌ಗಳ ಬೆಲೆ ಏನೂ ಅಲ್ಲ.

ಬ್ಯಾಟರಿಯ ನೆಗೆಟಿವ್ ಕಳಚಿ. ಒಂದು ಸಿಲಿಂಡರ್ ಮುಗಿಸಿದ ಮೇಲೆಯೇ ಮುಂದಿನದಕ್ಕೆ ಹೋಗಿ. ಕಾಯಿಲ್ ಕನೆಕ್ಟರ್‌ನ ಲಾಕ್ ಒತ್ತಿ ಹಿಡಿದು ಎಳೆಯಿರಿ. ಹಳೆಯ ಪ್ಲಾಸ್ಟಿಕ್ ಪುಡಿಯಾಗುವಂಥದ್ದು, ವೈರ್ ಹಿಡಿದು ಎಳೆಯಲೇಬೇಡಿ. ಬೋಲ್ಟ್ ತೆಗೆದು ಕಾಯಿಲನ್ನು ಅತ್ತಿತ್ತ ಸ್ವಲ್ಪ ತಿರುಗಿಸಿ ನೇರ ಮೇಲಕ್ಕೆತ್ತಿ. ಪ್ಲಗ್ ಬಿಚ್ಚುವ ಮೊದಲು ಅದು ಕೂತಿರುವ ಗುಂಡಿಗೆ ಹವಾ ಊದಿ. ನಮ್ಮ ರಸ್ತೆಗಳ ಧೂಳು, ಮರಳು ಅಲ್ಲಿ ಕೂತಿರುತ್ತದೆ, ಪ್ಲಗ್ ಬಂದೊಡನೆ ಸಿಲಿಂಡರ್‌ನೊಳಗೆ ಬೀಳುತ್ತದೆ. ಬಿಚ್ಚುವಾಗ ಬಿಗಿ ಎನಿಸಿದರೆ ಬುಡಕ್ಕೆ ಪೆನಿಟ್ರೇಟಿಂಗ್ ಆಯಿಲ್ ಬಿಟ್ಟು ಕಾಯಿರಿ, ಆಮೇಲೆ ಕಾಲು ಸುತ್ತು ಹಿಂದೆ, ಕಾಲು ಸುತ್ತು ಮುಂದೆ ಮಾಡುತ್ತ ಬಿಡಿಸಿ.

ಬಂದ ಪ್ಲಗ್‌ಗಳನ್ನು ಸಿಲಿಂಡರ್ ಕ್ರಮದಲ್ಲೇ ಜೋಡಿಸಿಡಿ. ತುದಿ ತಿಳಿಗಂದು ಅಥವಾ ಬೂದು ಬಣ್ಣವಿದ್ದರೆ ಎಂಜಿನ್ ಚೆನ್ನಾಗಿದೆ. ಒಣ ಕರಿ ಮಸಿಯಿದ್ದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ, ಇಲ್ಲವೇ ಎಂಜಿನ್ ಬಿಸಿಯಾಗುವ ಮೊದಲೇ ಮುಗಿಯುವ ಚಿಕ್ಕ ಓಡಾಟವೇ ಜಾಸ್ತಿ. ತುದಿಯಲ್ಲಿ ಎಣ್ಣೆ ಜಿಡ್ಡಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರಬಹುದು. ಎಣ್ಣೆ ಗುಂಡಿಯಲ್ಲಿ ಮಾತ್ರ ನಿಂತಿದ್ದರೆ ವಾಲ್ವ್ ಕವರ್ ಕಡೆಯ ಸೀಲ್ ಸೋರುತ್ತಿದೆ. ಬಿಳಿಚಿಕೊಂಡು ಗುಳ್ಳೆಯೆದ್ದಿದ್ದರೆ ಅತಿಯಾಗಿ ಕಾಯುತ್ತಿದೆ, ಅದನ್ನು ತಡಮಾಡದೆ ತೋರಿಸಿ.

ಹೊಸ ಪ್ಲಗ್‌ನ ಗ್ಯಾಪ್, ಅಂದರೆ ಕಿಡಿ ಹಾರುವ ಎರಡು ತುದಿಗಳ ನಡುವಿನ ಸಂದು, ಅಳೆಯಿರಿ. ಬಹಳಷ್ಟು ಕಾರುಗಳಲ್ಲಿ ಅದು 1 ಮಿ.ಮೀ. ಆಸುಪಾಸು. ಇರಿಡಿಯಂ ತುದಿ ಬಲು ಸಣ್ಣದು, ಗೇಜ್ ತೂರಿಸಿ ಮೀಟಿದರೆ ಮುರಿಯುತ್ತದೆ. ಕೆಳಗೆ ಬಿದ್ದ ಪ್ಲಗ್ ಹಾಕಬೇಡಿ. ಪಿಂಗಾಣಿಯಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದರೂ ಮಿಸ್‌ಫೈರ್ (ಸಿಲಿಂಡರ್‌ನಲ್ಲಿ ಇಂಧನ ಸರಿಯಾಗಿ ಹೊತ್ತದಿರುವುದು) ಆಗುತ್ತದೆ.

ಕೂರಿಸುವಾಗ ರ‍್ಯಾಚೆಟ್ ಪಕ್ಕಕ್ಕಿಡಿ. ಸಾಕೆಟ್, ಎಕ್ಸ್‌ಟೆನ್ಷನ್ ಮಾತ್ರ ಹಿಡಿದು, ಮೊದಲು ಎಡಕ್ಕೆ ನಿಧಾನ ತಿರುಗಿಸಿ ಥ್ರೆಡ್ ಟಕ್ಕೆಂದು ಕೂತಿದ್ದು ಕೈಗೆ ತಿಳಿದ ಮೇಲೆ ಬಲಕ್ಕೆ ತಿರುಗಿಸಿ. ಕೊನೆಯವರೆಗೂ ಬೆರಳ ಬಲದಲ್ಲೇ ಇಳಿಯಬೇಕು. ಒಂದೆರಡು ಸುತ್ತಿಗೇ ಸಿಕ್ಕಿಕೊಂಡರೆ ಓರೆಯಾಗಿದೆ, ತೆಗೆದು ಮತ್ತೆ ಹಾಕಿ. ಥ್ರೆಡ್‌ಗೆ ಗ್ರೀಸ್, ಆಯಿಲ್ ಬೇಡ. ಈಗಿನ ಪ್ಲಗ್‌ಗಳಿಗೆ ಲೇಪನ ಇದ್ದೇ ಇರುತ್ತದೆ, ಜಾರಿಕೆ ಹೆಚ್ಚಾದರೆ ಅದೇ ಟಾರ್ಕ್‌ಗೆ ಮಿತಿಮೀರಿ ಬಿಗಿಯಾಗುತ್ತದೆ. ಕೊನೆಗೆ ಟಾರ್ಕ್ ರೆಂಚ್‌ನಲ್ಲಿ ಬಿಗಿಯಿರಿ: 14 ಮಿ.ಮೀ. ಥ್ರೆಡ್‌ಗೆ 25ರಿಂದ 30, 12 ಮಿ.ಮೀ. ಥ್ರೆಡ್‌ಗೆ 15ರಿಂದ 20 ನ್ಯೂಟನ್ ಮೀಟರ್ ಸಾಮಾನ್ಯ. ಮ್ಯಾನುಯಲ್‌ನಲ್ಲಿ ಬೇರೆ ಅಂಕಿಯಿದ್ದರೆ ಅದೇ ಸರಿ. ಸಡಿಲವಾಗಿ ಬಿಟ್ಟರೂ ಕೆಡುಕೇ: ಪ್ಲಗ್‌ನ ಬಿಸಿ ಹೆಡ್‌ಗೆ ಇಳಿಯದೆ ತುದಿ ಸುಡುತ್ತದೆ.

ಕಾಯಿಲನ್ನು ಒತ್ತಿ ಕೂರಿಸಿ, ಬೋಲ್ಟ್ ಹಗುರವಾಗಿ ಬಿಗಿದು, ಕನೆಕ್ಟರ್ ಕ್ಲಿಕ್ ಎನ್ನುವವರೆಗೆ ತಳ್ಳಿ. ಎಲ್ಲ ಮುಗಿದು, ಬ್ಯಾಟರಿ ಮತ್ತೆ ಜೋಡಿಸಿ ಸ್ಟಾರ್ಟ್ ಮಾಡಿದ ಮೇಲೂ ನಡುಗಿದರೆ ಮೊದಲು ಕನೆಕ್ಟರ್‌ಗಳನ್ನೇ ನೋಡಿ. ಆಮೇಲೂ ಸ್ಕ್ಯಾನರ್ ಪಿ0302 ಕೋಡ್ (ಎರಡನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್; ಪಿ0303 ಎಂದರೆ ಮೂರನೆಯದರಲ್ಲಿ) ತೋರಿಸಿದರೆ ಎರಡನೇ ಸಿಲಿಂಡರ್‌ನ ಕಾಯಿಲನ್ನು ಮೂರನೆಯದಕ್ಕೆ, ಮೂರನೆಯದನ್ನು ಎರಡಕ್ಕೆ ಹಾಕಿ ಓಡಿಸಿ. ಕೋಡ್ ಪಿ0303 ಆದರೆ ಕೆಟ್ಟಿರುವುದು ಕಾಯಿಲ್.