ಗಾಳಿಯಲ್ಲಿ ಬರುವ ಎಚ್‌ಡಿ ಟಿವಿಯನ್ನು ಮನೆಯಲ್ಲೇ ಡಿಸ್ಕಿಗೆ ಇಳಿಸಿಕೊಳ್ಳುವುದು

2011ರ ಫೆಬ್ರುವರಿ ಶುರುವಿನಲ್ಲಿ ಶಿಕಾಗೊದಲ್ಲಿ 21 ಇಂಚು ಹಿಮ ಬಿತ್ತು. ಮೊಮ್ಮಗಳನ್ನು ನೋಡಲೆಂದು ನಮ್ಮೂರು ಸಾಗರದಿಂದ ಬಂದಿದ್ದ ಅಪ್ಪ, ಮಂಕಿ ಟೋಪಿಯ ಮೇಲೆ ಮಫ್ಲರ್ ಸುತ್ತಿಕೊಂಡು, ಶಿಕಾಗೊ ಪಕ್ಕದ ನೇಪರ್‌ವಿಲ್‌ನ ನಮ್ಮ ಮನೆ ಮುಂದೆ ಸಲಿಕೆ ಹಿಡಿದು ನಿಂತಿದ್ದರು. ಬೀದಿಯಲ್ಲಿ ಕ್ಯಾಮೆರಾ ಹೊತ್ತು ಬಂದ ಒಂದು ಚಾನೆಲ್‌ನವರು ಅವರನ್ನೂ ಚಿತ್ರಿಸಿಕೊಂಡರು. ಸಂಜೆಯ ಸುದ್ದಿಯಲ್ಲಿ ಹದಿನೈದು ಸೆಕೆಂಡು ಅಪ್ಪ ಬಂದರು. ಕೇಬಲ್ ಬಾಕ್ಸಿನಲ್ಲಿ ಅದು ರೆಕಾರ್ಡ್ ಆಗಿತ್ತು, ಹಾಗೇ ಬಿಟ್ಟಿದ್ದೆ. ಎರಡು ವರ್ಷದ ಮೇಲೆ ಬಾಕ್ಸ್ ಕೆಟ್ಟಿತು. ರಿಪೇರಿಗೆ ಬಂದ ಹುಡುಗ ಹೊಸದನ್ನು ಕೂರಿಸಿ, ಹಳೆಯದನ್ನು ಕಂಕುಳಲ್ಲಿಟ್ಟುಕೊಂಡು ಹೊರಟ. ಒಳಗಿರುವುದನ್ನು ತೆಗೆದುಕೊಡಪ್ಪಾ ಎಂದರೆ ಆಗುವುದಿಲ್ಲ ಅಂದ. ಅವನ ತಪ್ಪೇನಿಲ್ಲ, ಅದು ನಿಜವಾಗಿಯೂ ಆಗುವುದಿಲ್ಲ. ಅಪ್ಪ ಈಗಿಲ್ಲ.

ಅಲ್ಲಿಂದೀಚೆಗೆ ನಮಗೆ ಬೇಕಾದ ಕಾರ್ಯಕ್ರಮ ಯಾವುದೇ ಇರಲಿ, ಬ್ಲೂ-ರೇ ಡಿಸ್ಕಿಗೆ, ಅಂದರೆ ಡಿವಿಡಿಯಂತೆಯೇ ಕಾಣುವ, ಎಚ್‌ಡಿ ಚಿತ್ರ ಹಿಡಿಸುವ ಡಿಸ್ಕಿಗೆ, ಇಳಿಸಿಯೇ ಇಡುತ್ತೇನೆ. ಅಮೆರಿಕದಲ್ಲಿರುವ ನಮ್ಮವರಿಗೆ ಉಪಯೋಗವಾಗಲಿ ಎಂದು ನಾನು ಮಾಡುವ ಕ್ರಮವನ್ನು ಬರೆಯುತ್ತಿದ್ದೇನೆ.

ಮೊದಲು ಕಾನೂನಿನ ಮಾತು, ಎಲ್ಲರೂ ಕೇಳುವುದು ಅದನ್ನೇ. ಟಿವಿಯಲ್ಲಿ ಉಚಿತವಾಗಿ ಬಂದದ್ದನ್ನು ಆಮೇಲೆ ನೋಡಲು ಮನೆಯಲ್ಲಿ ರೆಕಾರ್ಡ್ ಮಾಡಿಕೊಂಡರೆ ತಪ್ಪಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು 1984ರಲ್ಲೇ ಸೋನಿಯ ಬೀಟಾಮ್ಯಾಕ್ಸ್ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿದೆ. ಮಾರುವುದು, ಹಂಚುವುದು ಬೇರೆ ಮಾತು. ಬೀಗ ಹಾಕಿದ ಸಿಗ್ನಲ್‌ನ ಬೀಗ ಒಡೆಯುವುದೂ ಬೇರೆ ಮಾತು, ಅದಕ್ಕೆ 1998ರ ಕಾನೂನು ಅಡ್ಡ ಬರುತ್ತದೆ. ಕೇಬಲ್ಲನ್ನು ನಾನು ಕೈಬಿಡಲು ಇದೇ ಕಾರಣ. ಅದರ ಬಾಕ್ಸಿನ ಎಚ್‌ಡಿಎಂಐ ತಂತಿಯಲ್ಲಿ ಹೊರಡುವ ಚಿತ್ರಕ್ಕೆ ಎಚ್‌ಡಿಸಿಪಿ ಎಂಬ ಬೀಗವಿರುತ್ತದೆ, ಚಿತ್ರವನ್ನು ಕಂಪ್ಯೂಟರಿಗೆ ಹಿಡಿದುಕೊಳ್ಳುವ ಕ್ಯಾಪ್ಚರ್ ಕಾರ್ಡಿಗೆ ಚುಚ್ಚಿದರೆ ಕಪ್ಪು ಪರದೆ ಕಾಣುತ್ತದೆ. ಹಿಂದೆ ಕೆಂಪು, ಹಸಿರು, ನೀಲಿ ಪಿನ್ನಿನ ಕಾಂಪೊನೆಂಟ್ ತಂತಿಯಿಂದ ಹಾಪಾಗ್ ಕಂಪನಿಯ ರೆಕಾರ್ಡ್ ಮಾಡುವ ಪೆಟ್ಟಿಗೆಗೆ ಹಿಡಿದುಕೊಳ್ಳಬಹುದಿತ್ತು. ಹೊಸ ಬಾಕ್ಸುಗಳಲ್ಲಿ ಆ ತೂತುಗಳೇ ಇಲ್ಲ.

ಆದ್ದರಿಂದ ಆಂಟೆನಾ. ಎಬಿಸಿ, ಸಿಬಿಎಸ್, ಎನ್‌ಬಿಸಿ, ಫಾಕ್ಸ್, ಪಿಬಿಎಸ್ ಇವೆಲ್ಲ ಇಂದಿಗೂ ಗಾಳಿಯಲ್ಲಿ ಪುಕ್ಕಟೆ ಬರುತ್ತವೆ, ಎಚ್‌ಡಿಯಲ್ಲೇ ಬರುತ್ತವೆ. ಮುಖ್ಯವಾದ ಸಂಗತಿ ಇಲ್ಲಿದೆ: ಅವು ಬರುವುದು ಎಂಪೆಗ್-2 ಎಂಬ ರೂಪದ ಚಿತ್ರ, ಡಾಲ್ಬಿ ಡಿಜಿಟಲ್ ಎಂಬ ರೂಪದ ಧ್ವನಿಯಾಗಿ. ಬ್ಲೂ-ರೇ ಡಿಸ್ಕೂ ಇವೆರಡನ್ನೂ ಇದ್ದ ಹಾಗೇ ಒಪ್ಪಿಕೊಳ್ಳುತ್ತದೆ. ಅಂದರೆ ಟಿವಿ ಪ್ರಸಾರದ ಗೋಪುರದಿಂದ ಹೊರಟ ಚಿತ್ರವನ್ನು ಎಲ್ಲಿಯೂ ಮತ್ತೆ ಹಿಂಡದೆ, ಒಂದು ಚುಕ್ಕೆಯೂ ಕೆಡದಂತೆ ಡಿಸ್ಕಿಗೆ ತಲುಪಿಸಬಹುದು. ಯಾರಾದರೂ ನಿಮಗೆ ಮೊದಲು ಫೈಲನ್ನು ಕನ್ವರ್ಟ್ ಮಾಡಿ ಎಂದರೆ ದಯವಿಟ್ಟು ಮಾಡಬೇಡಿ. ಗಂಟೆಗಟ್ಟಲೆ ಕಂಪ್ಯೂಟರ್ ಓಡಿಸಿ ಇದ್ದ ಚಿತ್ರವನ್ನು ಕೆಡಿಸಿಕೊಂಡ ಹಾಗಾಗುತ್ತದೆ.

ಆಂಟೆನಾ ಕೊಳ್ಳುವ ಮುಂಚೆ ರ್‍ಯಾಬಿಟ್‌ಇಯರ್ಸ್ ಎಂಬ ತಾಣದಲ್ಲಿ ನಿಮ್ಮ ವಿಳಾಸ ಹಾಕಿ, ಗೋಪುರಗಳು ಯಾವ ದಿಕ್ಕಿನಲ್ಲಿವೆ ಎಂದು ನೋಡಿಕೊಳ್ಳಿ. ನಮಗೆ ಹೆಚ್ಚಿನವು ವಿಲ್ಲಿಸ್ ಟವರ್ ಮತ್ತು ಹಳೆಯ ಹ್ಯಾನ್‌ಕಾಕ್ ಕಟ್ಟಡದ ನೆತ್ತಿಯಿಂದ, ಪೂರ್ವದಿಂದ ಬರುತ್ತವೆ. ನಾನು ಮೊದಲು ತಂದದ್ದು ಕಿಟಕಿಗೆ ಅಂಟಿಸುವ ಹಾಳೆಯಂಥ ಆಂಟೆನಾ. ಎಲ್ಲವೂ ಬಂದವು, ಸಿಬಿಎಸ್ ಮಾತ್ರ ಬರಲಿಲ್ಲ. ಟಿವಿಯಲ್ಲಿ ಅದು 2ನೇ ಚಾನೆಲ್ ಎಂದು ಕಂಡರೂ ಇಲ್ಲಿ ನಿಜವಾಗಿ ಪ್ರಸಾರವಾಗುವುದು 12ರಲ್ಲಿ. 7ರಿಂದ 13ರವರೆಗಿನವು ವಿಎಚ್‌ಎಫ್, ಅವುಗಳ ಅಲೆ ಉದ್ದ, ಹಿಡಿಯಲು ಉದ್ದ ಕಡ್ಡಿಗಳೇ ಬೇಕು. ಕಡ್ಡಿಯ ಆಂಟೆನಾ ತಂದು ಅಟ್ಟದಲ್ಲಿ ಪೂರ್ವಕ್ಕೆ ಮುಖಮಾಡಿ ಕಟ್ಟಿದ ದಿನವೇ ಸಿಬಿಎಸ್ ಬಂತು.

ಆಂಟೆನಾದ ತಂತಿ ಚಾನೆಲ್ ಹಿಡಿದುಕೊಡುವ ಟ್ಯೂನರಿಗೆ ಹೋಗಬೇಕು. ನನ್ನದು ಎಚ್‌ಡಿಹೋಮ್‌ರನ್, ಅಂಗೈಯಗಲದ ಕಪ್ಪು ಡಬ್ಬಿ. ಒಂದು ಕಡೆ ಆಂಟೆನಾ, ಇನ್ನೊಂದು ಕಡೆಯಿಂದ ರೌಟರಿಗೆ ಇಂಟರ್ನೆಟ್ಟಿನ ತಂತಿ. ಮನೆಯ ಯಾವ ಕಂಪ್ಯೂಟರಿನಲ್ಲಾದರೂ ನೋಡಬಹುದು, ರೆಕಾರ್ಡ್ ಮಾಡಬಹುದು. ಅದರಲ್ಲಿ ಸಿಗ್ನಲ್ ತೋರಿಸುವ ಪುಟದಲ್ಲಿ ಮೂರು ಅಂಕಿ ಬರುತ್ತವೆ. ಮೂರನೆಯದು ಸಿಂಬಲ್ ಕ್ವಾಲಿಟಿ, ಅದು 100 ಇರಬೇಕು. 90 ಇದ್ದರೂ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ, ಮುಂದೆ ಡಿಸ್ಕ್ ಮಾಡುವಾಗ ತುಟಿಗೂ ಮಾತಿಗೂ ತಾಳ ತಪ್ಪುತ್ತದೆ. ಇಲ್ಲಿ ಅರ್ಧ ದಿನ ಹೋದರೂ ಚಿಂತೆಯಿಲ್ಲ, ಅಟ್ಟಕ್ಕೆ ಮತ್ತೆ ಹತ್ತಿ ಆಂಟೆನಾ ನಾಲ್ಕು ಬೆರಳು ಆಚೀಚೆ ಸರಿಸಿ ನೋಡಿ.

ಅಂಗಡಿಯಲ್ಲಿ ಎಟಿಎಸ್‌ಸಿ 3.0 ಎಂಬ ಹೊಸ ಪ್ರಸಾರ ಪದ್ಧತಿಯ ಟ್ಯೂನರ್ ತೋರಿಸುತ್ತಾರೆ. ಡಿಸ್ಕಿನ ಕೆಲಸಕ್ಕೆ ಅದು ಬೇಡ. ಅನೇಕ ಕೇಂದ್ರಗಳು ಅದರಲ್ಲೂ ಬೀಗ ಹಾಕಿವೆ. ಅದರಲ್ಲಿ ಬರುವ ಎಸಿ-4 ಧ್ವನಿಯಂತೂ ಬ್ಲೂ-ರೇ ಪ್ಲೇಯರಿಗೆ ಅರ್ಥವೇ ಆಗುವುದಿಲ್ಲ. ಹಳೆಯ 1.0 ಸಾಕು.

ರೆಕಾರ್ಡ್ ಮಾಡಲು ಉಚಿತವಾದ ನೆಕ್ಸ್ಟ್‌ಪಿವಿಆರ್ ತಂತ್ರಾಂಶ ಬಳಸುತ್ತೇನೆ. ಹೊತ್ತು ಗೊತ್ತುಮಾಡಿಟ್ಟರೆ ತಾನೇ ಹಿಡಿದು, ಗಾಳಿಯಲ್ಲಿ ಬಂದ ಹಾಗೇ ಟಿಎಸ್ ಎಂಬ ಬಗೆಯ ಫೈಲ್ ಮಾಡಿಡುತ್ತದೆ. ಶುರುವಿಗೆ ಮುಂಚೆ ಎರಡು ನಿಮಿಷ, ಮುಗಿದ ಮೇಲೆ ಐದು ನಿಮಿಷ ಹೆಚ್ಚು ಇಟ್ಟುಕೊಳ್ಳಿ. ಒಂದು ಚಾನೆಲ್ಲಿನ ಇಡೀ ದಾರಿಯ ಅಗಲ ಸೆಕೆಂಡಿಗೆ 19.39 ಮೆಗಾಬಿಟ್. ಅಷ್ಟೂ ಒಂದೇ ಕಾರ್ಯಕ್ರಮಕ್ಕೆ ಸಿಕ್ಕರೆ ಗಂಟೆಗೆ 8.7 ಜಿಬಿ ಆಗುತ್ತದೆ. ಈಗ ಒಂದೇ ದಾರಿಯಲ್ಲಿ ನಾಲ್ಕೈದು ಉಪಚಾನೆಲ್ ತುರುಕುವುದರಿಂದ ನನಗೆ ಸಾಮಾನ್ಯವಾಗಿ ಐದಾರು ಜಿಬಿ ಬರುತ್ತದೆ.

ಜಾಹೀರಾತು ತೆಗೆಯಲು ಲಾಸ್‌ಲೆಸ್‌ಕಟ್ ಇದೆ. ಹೆಸರಿನ ಹಾಗೇ ಚಿತ್ರವನ್ನು ಮುಟ್ಟದೆ ಕತ್ತರಿಸುತ್ತದೆ. ಪೂರ್ಣ ಚೌಕಟ್ಟು ಇರುವ ಕಡೆ ಮಾತ್ರ ಕತ್ತರಿ ಬೀಳುವುದರಿಂದ ಅರ್ಧ ಸೆಕೆಂಡು ಹೆಚ್ಚುಕಮ್ಮಿ ಆಗುತ್ತದೆ, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ಆ ಫೈಲನ್ನು ಟಿಎಸ್‌ಮಕ್ಸರ್ ಎಂಬ ತಂತ್ರಾಂಶಕ್ಕೆ ಹಾಕಿ. ಒಂದು ಚಿತ್ರ, ಒಂದು ಧ್ವನಿ ಬಿಟ್ಟು ಉಳಿದ ಗುರುತುಗಳನ್ನು ತೆಗೆಯಿರಿ. ಕೆಳಗೆ ಬ್ಲೂ-ರೇ ಐಎಸ್‌ಒ ಎಂದು ಆರಿಸಿ ಶುರುಮಾಡಿದರೆ ಕೆಲವೇ ನಿಮಿಷದಲ್ಲಿ ಡಿಸ್ಕಿನ ಅಚ್ಚು ಸಿದ್ಧ. ಇಮ್‌ಗ್‌ಬರ್ನ್‌ನಲ್ಲಿ ಅದನ್ನು ಬರೆಯುವುದು.

ಡಿಸ್ಕಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಒಮ್ಮೆ ಮಾತ್ರ ಬರೆಯಬಹುದಾದ ಸಾದಾ ಬ್ಲೂ-ರೇ ಡಿಸ್ಕಿಗೆ ಬಿಡಿ-ಆರ್ ಎನ್ನುತ್ತಾರೆ, ಅದರ ಮೇಲೆ 25 ಜಿಬಿ ಎಂದಿರುತ್ತದೆ, ವಿಂಡೋಸ್ ಮಾತ್ರ ಸುಮಾರು 23.3 ಎಂದು ತೋರಿಸುತ್ತದೆ. ಲೆಕ್ಕ ಮಾಡುವ ಕ್ರಮ ಬೇರೆ ಅಷ್ಟೆ, ಅಂಗಡಿಯವರು ಮೋಸ ಮಾಡಿಲ್ಲ. ವಿಂಡೋಸ್‌ನಲ್ಲಿ ಕಾಣುವ ಅಂಕಿಯನ್ನೇ ನಂಬಿ. ಪೊಟ್ಟಣದ ಮೇಲೆ ಎಲ್‌ಟಿಎಚ್ ಎಂದಿದ್ದರೆ ಕೊಳ್ಳಬೇಡಿ, ಅವುಗಳಲ್ಲಿರುವುದು ಸಾವಯವ ಬಣ್ಣ, ಬೆಳಕಿಗೆ ಬೇಗ ಸೊರಗುತ್ತದೆ. ಸೋನಿ 2025ರ ಫೆಬ್ರುವರಿಯಲ್ಲಿ ಬರೆಯುವ ಬ್ಲೂ-ರೇ ಡಿಸ್ಕುಗಳ ತಯಾರಿಕೆ ನಿಲ್ಲಿಸಿತು. ವರ್ಬಾಟಿಮ್ ಸಿಗುತ್ತದೆ, ನಾನು ಐವತ್ತರ ಒಂದು ಕಟ್ಟು ತಂದಿಟ್ಟುಕೊಂಡಿದ್ದೇನೆ. ಟ್ಯೂನರೂ ಬ್ಲೂ-ರೇಯೂ ಒಂದೇ ಪೆಟ್ಟಿಗೆಯಲ್ಲಿರುವ ರೆಕಾರ್ಡರುಗಳು ಜಪಾನಿನಲ್ಲಿ ಮನೆಮನೆಯ ವಸ್ತು. ಇಲ್ಲಿ ಅಂಥದ್ದು ಬೇರೂರದಿದ್ದದ್ದು ನನಗೆ ಇಂದಿಗೂ ಬೇಸರ.

ಮೊದಲ ಸಲ ಬರೆಯುವಾಗ ಅಳಿಸಿ ಬರೆಯಬಹುದಾದ ಬಿಡಿ-ಆರ್‌ಇ ಡಿಸ್ಕಿನಲ್ಲಿ ಬರೆದು, ನಿಮ್ಮ ಪ್ಲೇಯರಿನಲ್ಲಿ ಓಡುತ್ತದೆಯೇ ನೋಡಿ. ಆಮೇಲೆ ಒಳ್ಳೆಯ ಡಿಸ್ಕಿಗೆ 4 ಪಟ್ಟು ವೇಗದಲ್ಲಿ ಬರೆಯಿರಿ, ವೆರಿಫೈ ಗುರುತು ಹಾಕಿರಲಿ. ಡಿವಿಡಿಯಲ್ಲಿ ದತ್ತಾಂಶದ ಪದರ ಹೊಳೆಯುವ ಮೈಯಿಂದ 0.6 ಮಿಲಿಮೀಟರ್ ಒಳಗಿರುತ್ತದೆ. ಬ್ಲೂ-ರೇಯಲ್ಲಿ ಬರೀ 0.1. ಹಾಗಾಗಿ ಅಂಚನ್ನೂ ನಡುವಿನ ತೂತನ್ನೂ ಹಿಡಿದು ಎತ್ತಿ. ಹೆಸರನ್ನು ತೂತಿನ ಸುತ್ತಲಿನ ಪಾರದರ್ಶಕ ಉಂಗುರದ ಮೇಲೆ ಮೆತ್ತನೆಯ ಮಾರ್ಕರಿನಲ್ಲಿ ಬರೆಯಿರಿ, ಚೀಟಿ ಅಂಟಿಸಬೇಡಿ. ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿಡಿ. ನಾನು ಒಂದೊಂದಕ್ಕೂ ಎರಡು ಪ್ರತಿ ಮಾಡಿ, ಒಂದನ್ನು ಸ್ನೇಹಿತರ ಮನೆಯಲ್ಲಿ ಇಟ್ಟಿರುತ್ತೇನೆ.

ಊರಿಗೆ ಕಳಿಸುವುದಾದರೆ, ಬ್ಲೂ-ರೇಗೆ ಅಮೆರಿಕ ಎ ವಲಯ, ಭಾರತ ಸಿ ವಲಯ, ಒಂದರ ಡಿಸ್ಕು ಇನ್ನೊಂದರಲ್ಲಿ ಓಡದು ಎಂಬ ಭಯ ಬೇಡ. ಮನೆಯಲ್ಲಿ ಬರೆದ ಡಿಸ್ಕಿಗೆ ವಲಯದ ಬೀಗ ಇರುವುದಿಲ್ಲ. ಆದರೆ ಸಾಗರದಲ್ಲಿ ಅಮ್ಮನ ಹತ್ತಿರ ಇರುವುದು ಡಿವಿಡಿ ಪ್ಲೇಯರ್, ಬ್ಲೂ-ರೇ ಅದರಲ್ಲಿ ಓಡದು. ಮಗಳು ಶಾಲೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸಿದ್ದು ಟಿವಿಯಲ್ಲಿ ಬಂದಾಗ, ಎಚ್‌ಡಿಯನ್ನು ನಮ್ಮಲ್ಲಿಟ್ಟುಕೊಂಡು, ಡಿವಿಡಿಸ್ಟೈಲರ್‌ನಲ್ಲಿ ಸಾದಾ ಡಿವಿಡಿ ಮಾಡಿ ಕಳಿಸಿದೆ. ಊರಿನ ಪ್ಲೇಯರುಗಳು ಹೆಚ್ಚಿನವು ಅಮೆರಿಕದ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿಯನ್ನೂ ಓಡಿಸುತ್ತವೆ, ಅಮ್ಮನದೂ ಓಡಿಸಿತು. ಇಂಥ ಡಿಸ್ಕಿಗೆ ಮೆನು ಹಾಕಬೇಡಿ. ರಿಮೋಟಿನಲ್ಲಿ ಬಾಣದ ಗುಂಡಿ ಹುಡುಕುವ ಕಷ್ಟ ಅಮ್ಮನಿಗೆ ಬೇಡ, ಒಳಗೆ ತಳ್ಳಿದ ಕೂಡಲೇ ಮೊಮ್ಮಗಳು ಕಾಣಬೇಕು.