ಚೀಟಿಗೆ ಕೊಟ್ಟ ದುಡ್ಡು

2012ರ ಚಳಿಗಾಲ. ನಿದ್ದೆ ಬರದೆ ಟಿವಿ ಹಾಕಿಕೊಂಡು ಕೂತಿದ್ದೆ. ಅಮೆರಿಕದ ಟಿವಿಯಲ್ಲಿ ರಾತ್ರಿ ಹನ್ನೊಂದರ ಮೇಲೆ ನಾಣ್ಯ ಮಾರುವವರು ಬರುತ್ತಾರೆ. ಆವತ್ತು ಬಂದಾತ ಒಂದು ಸಿಲ್ವರ್ ಈಗಲ್, ಅಂದರೆ ಅಮೆರಿಕ ಸರ್ಕಾರ ಹೊರತರುವ ಬೆಳ್ಳಿ ನಾಣ್ಯ, ಹಿಡಿದುಕೊಂಡಿದ್ದ. ಅದನ್ನಿಟ್ಟಿದ್ದ ಪ್ಲಾಸ್ಟಿಕ್ ಡಬ್ಬಿಯ ಚೀಟಿಯನ್ನು ಕ್ಯಾಮೆರಾಗೆ ತೋರಿಸಿ, 'ಅರ್ಲಿ ರಿಲೀಸಸ್! ಮೊದಲು ಹೊರಬಂದವು! ಇನ್ನು ಇಷ್ಟೇ ಉಳಿದಿರೋದು!' ಅಂತ ಕೂಗುತ್ತಿದ್ದ. ಪಕ್ಕದಲ್ಲಿ ಒಂದು ಸಂಖ್ಯೆ ಇಳಿಯುತ್ತಾ ಇತ್ತು. ಆ ಸಂಖ್ಯೆ ನೋಡಿದ ಮೇಲೆ ನನ್ನ ಬುದ್ಧಿ ಕೆಲಸ ಮಾಡಲಿಲ್ಲ. ಐದು ನಾಣ್ಯ ತೆಗೆದುಕೊಂಡೆ, ಒಂದೊಂದಕ್ಕೆ 60 ಡಾಲರ್. ಆ ವರ್ಷ ಬೆಳ್ಳಿ ಔನ್ಸಿಗೆ 30 ಡಾಲರ್ ಆಸುಪಾಸಿನಲ್ಲಿತ್ತು. ಸಿಲ್ವರ್ ಈಗಲ್‌ನಲ್ಲಿ ಇರೋದು ಒಂದೇ ಔನ್ಸ್ ಬೆಳ್ಳಿ. ಉಳಿದ ದುಡ್ಡು ಯಾವುದಕ್ಕೆ ಹೋಯಿತು ಅಂತ ತಿಳಿಯೋಕೆ ನನಗೆ ಏಳು ವರ್ಷ ಹಿಡಿಯಿತು.

ಈ ಹವ್ಯಾಸ ಇಲ್ಲದವರಿಗೆ ಎರಡು ಮಾತು. ನಾಣ್ಯವನ್ನು ಗ್ರೇಡಿಂಗ್ ಕಂಪನಿಗೆ ಕಳಿಸಿದರೆ ಅವರು ಅಸಲಿಯೋ ನಕಲಿಯೋ ನೋಡಿ, 1ರಿಂದ 70ರವರೆಗಿನ ಅಳತೆಯಲ್ಲಿ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ ವಾಪಸ್ ಕಳಿಸುತ್ತಾರೆ. ಆ ಡಬ್ಬಿಯೇ ಸ್ಲ್ಯಾಬ್. ಇಂಥ ಕಂಪನಿಗಳಲ್ಲಿ ಪಿಸಿಜಿಎಸ್ 1986ರಲ್ಲಿ ಶುರುವಾಯಿತು, ಎನ್‌ಜಿಸಿ 1987ರಲ್ಲಿ. ಈ ಎರಡು ಹೆಸರು ಗೊತ್ತಿದ್ದರೆ ಸಾಕು. 70 ಅಂದರೆ ಐದು ಪಟ್ಟು ದೊಡ್ಡದು ಮಾಡಿ ನೋಡಿದರೂ ಒಂದು ಗೀರು ಕಾಣಬಾರದು. ನಾನು ಟಿವಿಯಲ್ಲಿ ಕೊಂಡಿದ್ದು ಎಂಎಸ್ 69 (ಎಂಎಸ್ ಅಂದರೆ ಮಿಂಟ್ ಸ್ಟೇಟ್, ಬಳಸದ ನಾಣ್ಯ). ಹೊಸ ಸಿಲ್ವರ್ ಈಗಲ್‌ನಲ್ಲಿ 69 ಅಂದರೆ ರಾಶಿ ರಾಶಿ ಸಿಗುತ್ತೆ. ಇದು ಆಗ ನನಗೆ ಗೊತ್ತಿರಲಿಲ್ಲ. 70ಕ್ಕೆ ಒಂದೇ ಕಮ್ಮಿ ಅಲ್ವಾ ಅಂತ ಖುಷಿಪಟ್ಟಿದ್ದೆ!

ಹಾಗಾದರೆ ಅರ್ಲಿ ರಿಲೀಸಸ್ ಅಂದರೆ ಏನು? ಮಿಂಟ್, ಅಂದರೆ ಸರ್ಕಾರಿ ಟಂಕಸಾಲೆ, ಒಂದು ನಾಣ್ಯವನ್ನು ಮಾರಾಟಕ್ಕೆ ಬಿಟ್ಟ ದಿನದಿಂದ 30 ದಿನದೊಳಗೆ ಅದು ಗ್ರೇಡಿಂಗ್ ಕಂಪನಿಗೆ, ಇಲ್ಲವೇ ಅವರು ಒಪ್ಪಿದ ಡಿಪಾಜಿಟರಿಗೆ (ಭದ್ರ ಗೋದಾಮಿಗೆ), ಬಂದು ಸೇರಿರಬೇಕು. ಅಷ್ಟೇ. ಎನ್‌ಜಿಸಿಯಲ್ಲಿ 'ಫಸ್ಟ್ ರಿಲೀಸಸ್' ಅಂತ ಇನ್ನೊಂದು ಚೀಟಿ ಇದೆ. ಎರಡಕ್ಕೂ ನಿಯಮ ಒಂದೇ, ಹೆಸರು ಮಾತ್ರ ಬೇರೆ. ಇದನ್ನು ಮೊದಲ ಸಲ ಓದಿದಾಗ ನಾನು ಜೋರಾಗಿ ನಕ್ಕಿದ್ದೆ. ಒಬ್ಬ ಡೀಲರ್ 'ಫಸ್ಟ್ ಅನ್ನೋದು ಅರ್ಲಿಗಿಂತ ಮುಂಚಿನದು' ಅಂತ ನನಗೆ ಗಂಭೀರವಾಗಿ ವಿವರಿಸಿದ್ದ. ಪಿಸಿಜಿಎಸ್‌ನವರ ಚೀಟಿ ಮೇಲೆ 'ಫಸ್ಟ್ ಸ್ಟ್ರೈಕ್' ಅಂತ ಇರುತ್ತೆ. ಮಿಂಟ್‌ನಿಂದ ಆ 30 ದಿನದೊಳಗೆ ಹೊರಟ ಡಬ್ಬಿಯನ್ನು ಒಡೆಯದೆ ಕಳಿಸಿದರೆ ತಡವಾಗಿ ತಲುಪಿದರೂ ಅವರು ಒಪ್ಪುತ್ತಾರೆ. ಎನ್‌ಜಿಸಿ ಕೂಡ ಮೊದಲು ಫಸ್ಟ್ ಸ್ಟ್ರೈಕ್ ಅಂತಲೇ ಬರೆಯುತ್ತಿತ್ತು. ಆಮೇಲೆ ಆ ಮಾತು ಬಿಟ್ಟು ಅರ್ಲಿ ರಿಲೀಸಸ್‌ಗೆ ಬಂತು.

ಬಿಟ್ಟಿದ್ದು ಒಳ್ಳೆಯದೇ ಆಯಿತು. ಹಳೆಯ ಸಂಗ್ರಹಕಾರರ ಬಾಯಲ್ಲಿ ಫಸ್ಟ್ ಸ್ಟ್ರೈಕ್ ಅಂದರೆ ಹೊಸ ಡೈನಿಂದ (ಅಚ್ಚಿನಿಂದ) ಮೊದಮೊದಲು ಹೊಡೆದ ನಾಣ್ಯ. ಡೈ ಇನ್ನೂ ಸವೆದಿರೋದಿಲ್ಲ, ಮೇಲ್ಮೈ ಕನ್ನಡಿಯ ಹಾಗೆ ಹೊಳೆಯುತ್ತೆ, ಕೂದಲಿನ ಎಳೆ ಎಳೆಯೂ ಕಾಣುತ್ತೆ. ಅದು ನಾಣ್ಯದ ಮೇಲೆ ಕಣ್ಣಿಗೆ ಕಾಣುವ ಗುಣ. 30 ದಿನದ ಲೆಕ್ಕಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಈಗಲ್ ಥರದ ನಾಣ್ಯ ಹೊಡೆಯುವಾಗ ಒಂದು ಡೈ ಸವೆದರೆ ಇನ್ನೊಂದು ಹಾಕುತ್ತಾರೆ, ಅದು ಸವೆದರೆ ಮತ್ತೊಂದು. ವರ್ಷದ ಕೊನೆಯಲ್ಲಿ ಹೊಸ ಡೈನಿಂದ ಬಂದ ನಾಣ್ಯ, ಜನವರಿಯಲ್ಲಿ ಸವೆದ ಡೈನಿಂದ ಬಂದಿದ್ದಕ್ಕಿಂತ ಚೆಂದ ಇರಬಹುದು. 2015ರಲ್ಲಿ 4 ಕೋಟಿ 70 ಲಕ್ಷ ಸಿಲ್ವರ್ ಈಗಲ್ ಮಾರಾಟವಾದವು. ಅಷ್ಟರಲ್ಲಿ ಯಾವುದು ಮೊದಲು, ಯಾವುದು ನಂತರ?

ಅಮೆರಿಕದ ಮಿಂಟೇ ಇದನ್ನು ಬಾಯಿಬಿಟ್ಟು ಹೇಳಿದೆ. ಯಾವ ನಾಣ್ಯ ಯಾವ ಕ್ರಮದಲ್ಲಿ ಹೊಡೆದೆವು ಅಂತ ನಾವು ಲೆಕ್ಕ ಇಡೋದಿಲ್ಲ, ಯಾವುದನ್ನೂ ಫಸ್ಟ್ ಸ್ಟ್ರೈಕ್ ಅಂತ ಕರೆದೂ ಇಲ್ಲ ಅಂತ ಪ್ರಕಟಣೆ ಕೊಟ್ಟಿದೆ. ಮಿಂಟಿನಿಂದ ಬರುವ ಡಬ್ಬಿಯ ಮೇಲಿನ ತಾರೀಕು ಡಬ್ಬಿ ತುಂಬಿ ಸೀಲ್ ಮಾಡಿದ ದಿನದ್ದು, ನಾಣ್ಯ ಹೊಡೆದ ದಿನದ್ದೇ ಆಗಬೇಕಿಲ್ಲ. ಡಬ್ಬಿಗಳು ತಾರೀಕಿನ ಕ್ರಮದಲ್ಲೇ ಹೊರಗೆ ಹೋಗುತ್ತವೆ ಅಂತಲೂ ಇಲ್ಲ. ಮಾರಾಟ ಶುರುವಾಗುವ ಹೊತ್ತಿಗೆ ಎಷ್ಟೋ ಸರಕು ಹೊಡೆದು ಪೇರಿಸಿಟ್ಟಿರುತ್ತಾರೆ. ಅಂದರೆ ಚೀಟಿ ಹೇಳೋದು ಲಕೋಟೆ ಯಾವಾಗ ತಲುಪಿತು ಅನ್ನೋದನ್ನ.

ಇದೆಲ್ಲ ಓದಿ ತಿಳಿದಿದ್ದು. ನಿಜವಾಗಿ ಮನಸ್ಸಿಗೆ ಇಳಿದಿದ್ದು ನಾನೇ ನಾಣ್ಯ ಕಳಿಸಿದ ಮೇಲೆ.

2016 ಈಗಲ್‌ಗಳ 30ನೇ ವರ್ಷ. ಆ ವರ್ಷದ ಪ್ರೂಫ್ (ಸಂಗ್ರಹಕಾರರಿಗೆ ಅಂತಲೇ ಕನ್ನಡಿಯಂತೆ ಹೊಳೆಯುವ ಹಾಗೆ ಹೊಡೆದ) ನಾಣ್ಯದ ಅಂಚಿನಲ್ಲಿ ಸಾಲುಗೆರೆಯ ಬದಲು ವಾರ್ಷಿಕೋತ್ಸವದ ಅಕ್ಷರಗಳಿದ್ದವು. ಇದಕ್ಕೆ ಬೆಲೆ ಬಂದೇ ಬರುತ್ತೆ ಅಂತ ಹತ್ತು ತರಿಸಿದೆ. ಹತ್ತೂ ಒಂದೇ ರಟ್ಟಿನ ಡಬ್ಬಿಯಲ್ಲಿ ಬಂದವು. 'ಮೊದಲಿನವು' ಅನ್ನುವ ಚೀಟಿ ಬೇಕೇ ಬೇಕು, ಡಬ್ಬಿ ಮುಟ್ಟಿದರೆ ಎಲ್ಲಿ ಹೋಗುತ್ತೋ ಅಂತ ಟೇಪ್ ಕೂಡ ಕೀಳಲಿಲ್ಲ. ಹಾಗೇ ಇನ್ನೊಂದು ಡಬ್ಬಿಯೊಳಗೆ ಇಟ್ಟು, ಫಾರಂ ತುಂಬಿ, ಚೀಟಿಗೆ ಬೇರೆ ಶುಲ್ಕ ಕಟ್ಟಿ, ವಿಮೆ ಮಾಡಿಸಿ ಕಳಿಸಿದೆ. ನನ್ನ ಕಣ್ಣಿಂದ ಒಂದು ನಾಣ್ಯವನ್ನೂ ನೋಡಿರಲಿಲ್ಲ! ಫಲಿತಾಂಶ: ಐದು 70, ಐದು 69. ಹತ್ತಕ್ಕೂ ಚೀಟಿ ಸಿಕ್ಕಿತು.

ಮುಂದಿನ ವರ್ಷ ಪ್ರೂಫ್ ಬಂದಾಗ ನನ್ನಿಂದ ತಡೆಯೋಕೆ ಆಗಲಿಲ್ಲ. ಡಬ್ಬಿ ಒಡೆದೆ. ಊಟದ ಮೇಜಿನ ಮೇಲೆ ಕರಿ ಬಟ್ಟೆ ಹಾಸಿ, ಒಂದೇ ಬಲ್ಬಿನ ಟೇಬಲ್ ಲ್ಯಾಂಪ್ ಇಟ್ಟು, ಭೂತಗನ್ನಡಿ ಹಿಡಿದು ತರಿಸಿದ್ದ ಹನ್ನೆರಡನ್ನೂ ನೋಡಿದೆ. ನಾಣ್ಯವನ್ನು ನೇರ ಹಿಡಿದರೆ ಏನೂ ಕಾಣೋದಿಲ್ಲ. ಬೆಳಕಿನ ಕೆಳಗೆ ನಿಧಾನಕ್ಕೆ ಓರೆ ಮಾಡುತ್ತಾ ತಿರುಗಿಸಬೇಕು. ಆಗ ಕನ್ನಡಿಯಂಥ ಖಾಲಿ ಜಾಗದಲ್ಲಿ ಕೂದಲೆಳೆಯಂಥ ಗೀರು ಒಂದು ಕ್ಷಣ ಮಿಂಚಿ ಮಾಯವಾಗುತ್ತೆ. ಒಂದರಲ್ಲಿ ನಾಣ್ಯದ ಮೇಲಿನ ಲಿಬರ್ಟಿ ದೇವಿಯ ಕಾಲಿನ ಪಕ್ಕ ಸಣ್ಣ ಚುಕ್ಕೆ. ಇನ್ನೊಂದರಲ್ಲಿ ಮಂಜಿನಂತೆ ಬೆಳ್ಳಗಿರಬೇಕಾದ ಕಡೆ ಸೂಜಿಮೊನೆಯಷ್ಟು ಹೊಳಪು. ಹೀಗೆ ನಾಲ್ಕನ್ನು ಪಕ್ಕಕ್ಕಿಟ್ಟೆ. ಉಳಿದ ಎಂಟನ್ನು ಕಳಿಸೋಣ ಅಂದುಕೊಂಡಷ್ಟರಲ್ಲಿ ಆಫೀಸ್ ಕೆಲಸ, ಮಗಳಿಗೆ ಜ್ವರ, ಅದೂ ಇದೂ. ಪಾರ್ಸೆಲ್ ತಲುಪುವ ಹೊತ್ತಿಗೆ 30 ದಿನ ದಾಟಿ ವಾರ ಆಗಿತ್ತು. ಡಬ್ಬಿಯೂ ಒಡೆದಿದ್ದೆ. ಚೀಟಿ ಇಲ್ಲ.

ಎಂಟರಲ್ಲಿ ಏಳು 70!

ಹತ್ತು, ಎಂಟು ನಾಣ್ಯ ಇಟ್ಟುಕೊಂಡು ದೊಡ್ಡ ಲೆಕ್ಕ ಹಾಕೋಕಾಗಲ್ಲ, ಒಪ್ಪುತ್ತೇನೆ. ಆದರೆ ಒಂದು ವಿಷಯ ತಲೆಗೆ ಹೋಯಿತು. ಚೀಟಿ ಆಸೆಗೆ ಡಬ್ಬಿ ಒಡೆಯದೆ ಕಳಿಸಿದರೆ ಆರಿಸುವ ಅವಕಾಶವನ್ನೇ ಕಳೆದುಕೊಳ್ಳುತ್ತೇವೆ. 69 ಬಂದ ನಾಣ್ಯಕ್ಕೆ ಕಟ್ಟಿದ ಗ್ರೇಡಿಂಗ್ ಫೀ, ಚೀಟಿ ಫೀ, ಅಂಚೆ ಖರ್ಚು ಎಲ್ಲ ನೀರಿನಲ್ಲಿ ಹೋಮ. ಬೇಗ ತರಿಸಿ, ಅವತ್ತೇ ಒಡೆದು ನೋಡಿ, ಮರುದಿನವೇ ಕಳಿಸಿದರೆ ಎರಡೂ ಸಿಗುತ್ತೆ ಅನ್ನಬಹುದು. ಸಿಗುತ್ತೆ, ಬೇರೆ ಕೆಲಸ ಇಲ್ಲದವರಿಗೆ.

ಆ ಎರಡು ವರ್ಷದ 70ಗಳನ್ನು ಇಟ್ಟುಕೊಂಡು ಮನೆಯಲ್ಲಿ ಒಂದು ಆಟ ಆಡಿದೆ. ಚೀಟಿ ಇರುವ ಮೂರು, ಇಲ್ಲದ ಮೂರು. ಆರರ ಲೇಬಲ್ ಮೇಲೂ ಕಾಗದದ ಪಟ್ಟಿ ಅಂಟಿಸಿ, ಇಸವಿ ಕಾಣದ ಹಾಗೆ ಹಿಂಬದಿ ಮೇಲೆ ಮಾಡಿ ಕಲೆಸಿಟ್ಟೆ. ನನ್ನ ಹೆಂಡತಿಯನ್ನು ಕರೆದು ಯಾವುದು ಚೆನ್ನಾಗಿದೆ ಆರಿಸು ಅಂದೆ. ಅವಳು ಆರನ್ನೂ ಒಮ್ಮೆ ಎತ್ತಿ ನೋಡಿ, 'ರೀ, ಎಲ್ಲಾ ಒಂದೇ ಥರ ಇದೆಯಲ್ರೀ, ಇದ್ರಲ್ಲಿ ಏನು ಆರಿಸೋದು?' ಅಂದಳು. ನಾನೂ ಕಣ್ಣು ಮುಚ್ಚಿ ಮತ್ತೆ ಕಲೆಸಿ ನೋಡಿದೆ. ಮೂರು ಸಲ ಪ್ರಯತ್ನಪಟ್ಟೆ. ನನಗೂ ಹೇಳೋಕಾಗಲಿಲ್ಲ.

ಇನ್ನು ಮಾರಾಟದ ಕಥೆ. 2019ರಲ್ಲಿ ಟಿವಿಯಲ್ಲಿ ಕೊಂಡ ಐದನ್ನೂ ಒಂದು ನಾಣ್ಯ ಮೇಳಕ್ಕೆ ತೆಗೆದುಕೊಂಡು ಹೋದೆ. ಮೇಜಿನ ಹಿಂದಿದ್ದ ಡೀಲರ್ ವಯಸ್ಸಾದವನು, ಮಾತು ಕಮ್ಮಿ. ಐದನ್ನೂ ಇಸ್ಪೀಟ್ ಎಲೆ ಥರ ಒಂದರ ಪಕ್ಕ ಒಂದು ಹರಡಿದ. ಚೀಟಿಯಲ್ಲಿ 69 ಅನ್ನುವ ಅಂಕಿ ಮಾತ್ರ ನೋಡಿದ. ಫೋನಿನಲ್ಲಿ ಬೆಳ್ಳಿಯ ದರ ನೋಡಿದ. ಒಂದಕ್ಕೆ 18 ಡಾಲರ್ ಅಂದ. ನಾನು ಬೆರಳಿಟ್ಟು 'ಅರ್ಲಿ ರಿಲೀಸಸ್' ತೋರಿಸಿದೆ. ಅವನು ನಗಲೂ ಇಲ್ಲ, ಬೇಸರವೂ ಮಾಡಿಕೊಳ್ಳಲಿಲ್ಲ. 'ನೋಡಿದೆ. ಅದಕ್ಕೆ ನನ್ನ ಹತ್ತಿರ ಗಿರಾಕಿ ಇಲ್ಲ' ಅಂದ. ನಾಲ್ಕು ಕೊಟ್ಟು ಬಂದೆ. ಐದನೆಯದನ್ನು ಯಾಕೋ ಕೊಡಲು ಮನಸ್ಸು ಬರಲಿಲ್ಲ.

ಹಾಗಂತ ಚೀಟಿಗೆ ಬೆಲೆಯೇ ಇಲ್ಲ ಅಂತ ಹೇಳಿದರೆ ತಪ್ಪಾಗುತ್ತೆ. 2016ರ ಪ್ರೂಫ್ 70ಗಳನ್ನು ಆನ್‌ಲೈನ್ ಹರಾಜಿನಲ್ಲಿ ಮಾರಿದಾಗ ಚೀಟಿ ಇಲ್ಲದವಕ್ಕಿಂತ ಸ್ವಲ್ಪ ಜಾಸ್ತಿ ಬಂತು. ಅದೂ ಬಿಡುಗಡೆಯಾದ ಹೊಸತರಲ್ಲಿ ಮಾರಿದ ಎರಡಕ್ಕೆ. ಎರಡು ವರ್ಷ ಕಾದು ಮಾರಿದ್ದಕ್ಕೆ ಸಿಕ್ಕ ಹೆಚ್ಚುವರಿ ನಾನು ಚೀಟಿಗೆ ಕಟ್ಟಿದ ಫೀಗೂ ಸಾಲಲಿಲ್ಲ. ಹೊಸ ನಾಣ್ಯ ಬಂದ ಮೊದಲ ಕೆಲವು ವಾರ ಎಲ್ಲರಿಗೂ ಅವಸರ ಇರುತ್ತೆ, ಸ್ಲ್ಯಾಬ್ ಆದವು ಇನ್ನೂ ಕಮ್ಮಿ ಇರುತ್ತವೆ. ಆಮೇಲೆ ಟ್ರಕ್ ಟ್ರಕ್ ಬರುತ್ತೆ. ದೊಡ್ಡ ಡೀಲರ್‌ಗಳು ಸಾವಿರಗಟ್ಟಲೆ ಕಳಿಸೋದೇ ಆ ಮೊದಲ 30 ದಿನದಲ್ಲಿ. ಹಾಗಾಗಿ 'ಮೊದಲಿನವು' ಅನ್ನುವ ಚೀಟಿ ಅಪರೂಪವೇ ಅಲ್ಲ.

ಬೇಕು ಅನ್ನುವವರು ಇದ್ದಾರೆ, ಅದೂ ನಿಜ. ಪಿಸಿಜಿಎಸ್ ತನ್ನ ಪಟ್ಟಿಯಲ್ಲಿ ಫಸ್ಟ್ ಸ್ಟ್ರೈಕ್ ನಾಣ್ಯಗಳಿಗೆ ಬೇರೆ ಸಂಖ್ಯೆ ಕೊಟ್ಟಿದೆ. ಎಷ್ಟು ಗ್ರೇಡ್ ಆಗಿವೆ ಅಂತ ಬೇರೆಯಾಗಿ ಎಣಿಸುತ್ತೆ. ಪ್ರತಿ ವರ್ಷದ್ದೂ ಒಂದೇ ಥರದ ಚೀಟಿ ಇರುವ ಸೆಟ್ ಜೋಡಿಸುವವರಿಗೆ ಮಧ್ಯದಲ್ಲಿ ಒಂದು ತಪ್ಪಿದರೆ ಹಲ್ಲು ಬಿದ್ದ ಬಾಯಿ ಥರ ಕಾಣುತ್ತೆ. ಅಂಥವರು ದುಡ್ಡು ಕೊಡುತ್ತಾರೆ. ನಾನು ಆ ಜಾತಿಯವನಲ್ಲ.

ಚೀಟಿಯಿಂದಲೇ ನಿಜವಾಗಿ ಬೆಲೆ ಬರುವುದೂ ಉಂಟು. 2015ರಲ್ಲಿ ಕೆಲವು ಸಿಲ್ವರ್ ಈಗಲ್‌ಗಳನ್ನು ಫಿಲಡೆಲ್ಫಿಯಾ ಮಿಂಟಿನಲ್ಲಿ ಹೊಡೆದರು, ಬರೀ 79,640. ಅವುಗಳ ಮೇಲೆ ಮಿಂಟಿನ ಗುರುತಿಲ್ಲ. ವೆಸ್ಟ್ ಪಾಯಿಂಟ್ ಮಿಂಟಿನ ಕೋಟಿಗಟ್ಟಲೆ ನಾಣ್ಯದ ಜೊತೆ ಬೆರೆಸಿದರೆ ದೇವರೇ ಬಂದರೂ ಬೇರೆ ಮಾಡೋಕಾಗಲ್ಲ. ಅವು ಗೊತ್ತಾಗೋದು 500 ನಾಣ್ಯ ಹಿಡಿಯುವ, ಮಾನ್‌ಸ್ಟರ್ ಬಾಕ್ಸ್ ಅನ್ನುವ ಸೀಲ್ ಮಾಡಿದ ಡಬ್ಬಿಯ ನಂಬರಿನಿಂದ ಮಾತ್ರ. ಡಬ್ಬಿ ಒಡೆದು ಕೈಯಲ್ಲಿ ಹಿಡಿದರೆ ಗುರುತು ಹೋಯಿತು. ಇಲ್ಲೂ ನಾಣ್ಯ ನೋಡಿದರೆ ಏನೂ ಕಾಣೋದಿಲ್ಲ, ಎಲ್ಲ ಚೀಟಿಯನ್ನೇ ನಂಬಬೇಕು. ಆದರೆ ಇದರ ಹಿಂದೆ ಒಂದು ಲೆಕ್ಕ ಇದೆ: ಇಷ್ಟೇ ಹೊಡೆದರು, ಇನ್ನು ಹೊಡೆಯೋದಿಲ್ಲ. 30 ದಿನದ ಚೀಟಿಗೆ ಆ ಮಿತಿ ಇಲ್ಲ. ಇನ್ನೊಂದು ಕಡೆ 1995ರ ಡಬ್ಲ್ಯು (ವೆಸ್ಟ್ ಪಾಯಿಂಟ್ ಗುರುತಿನ) ಪ್ರೂಫ್ ನೋಡಿ. ನಾಲ್ಕು ಚಿನ್ನದ ಈಗಲ್ ಇರುವ ಸೆಟ್ ಕೊಂಡವರಿಗೆ ಮಾತ್ರ ಸಿಕ್ಕಿದ್ದು, ಒಟ್ಟು 30,125. ಆಗ ಈ ಚೀಟಿಗಳು ಹುಟ್ಟಿಯೇ ಇರಲಿಲ್ಲ. ಇಡೀ ಸರಣಿಯಲ್ಲಿ ಜನ ಬಾಯಿ ಬಿಟ್ಟುಕೊಂಡು ನೋಡೋದು ಅದನ್ನೇ.

ಈಗ ನಾನು ಮಾಡೋದು ಇಷ್ಟು. ಎರಡು ನಾಣ್ಯಕ್ಕೆ ಬೆಲೆ ಒಂದೇ ಆದರೆ ಚೀಟಿ ಇರೋದನ್ನು ತೆಗೆದುಕೊಳ್ಳುತ್ತೇನೆ, ನಾಳೆ ಕೊಳ್ಳುವವನಿಗೆ ಬೇಕಾದರೂ ಬೇಕಾಗಬಹುದು. ಐದು ಡಾಲರ್ ಜಾಸ್ತಿ ಕೇಳಿದರೆ ಯೋಚಿಸುತ್ತೇನೆ. ಅದಕ್ಕಿಂತ ಮೇಲೆ ಹೋದರೆ ಬೇಡ. ಕೊಳ್ಳುವ ಮುಂಚೆ ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಬೆಲೆ ನೋಡುತ್ತೇನೆ, ಕೇಳುತ್ತಿರುವ ಬೆಲೆಯನ್ನಲ್ಲ. ಬಿಡುಗಡೆಯಾಗಿ ಒಂದು ವರ್ಷವಾದರೂ ಆಗಿರಬೇಕು. ಬೆಳ್ಳಿ ನಾಣ್ಯವಾದರೆ ಫೋಟೋ ಸಾಲದು, ಬೆಳಕಿನಲ್ಲಿ ಓರೆ ಮಾಡಿ ನೋಡಬೇಕು. ಈ ಕೊನೆಯದನ್ನು ಕಲಿತಿದ್ದು ಕಹಿಯಾಗಿ. ಅರ್ಲಿ ರಿಲೀಸಸ್ ಚೀಟಿ ಇದ್ದ ಒಂದು ಎಂಎಸ್ 70 ನನ್ನ ಹತ್ತಿರ ಇತ್ತು. ತಂದಾಗ ಹಾಲಿನಲ್ಲಿ ತೊಳೆದ ಹಾಗಿತ್ತು. ಎರಡು ವರ್ಷ ಬಿಟ್ಟು ಡ್ರಾಯರ್‌ನಿಂದ ತೆಗೆದರೆ, ಸೀಲ್ ಆಗಿರುವ ಡಬ್ಬಿಯೊಳಗೇ, ಲಿಬರ್ಟಿಯ ಸೆರಗಿನ ಪಕ್ಕ ಸುಣ್ಣದ ನೀರು ಚಿಮುಕಿಸಿದಂತೆ ಬಿಳಿ ಕಲೆ. ಮಿಲ್ಕ್ ಸ್ಪಾಟ್ ಅಂತಾರೆ. ಕೆನಡಾದ ಮಿಂಟ್ ಇದನ್ನು ತಡೆಯೋಕೆ ಅಂತಲೇ 2018ರಲ್ಲಿ ಬೇರೆ ವಿಧಾನ ತಂದಿತು, ಅಷ್ಟು ಸಾಮಾನ್ಯ ಕಾಯಿಲೆ. ಒರೆಸೋಕೂ ಆಗಲ್ಲ, ಒರೆಸಿದರೆ ಗೀರು ಬೀಳುತ್ತೆ. ಚೀಟಿ ಮಾತ್ರ ಇನ್ನೂ 70 ಅಂತಲೇ ಹೇಳುತ್ತಿದೆ.

ಆ ಐದನೆಯ ನಾಣ್ಯದ ವಿಷಯ ಹೇಳಿ ಬಿಡುತ್ತೇನೆ. ಒಂದು ಭಾನುವಾರ ಸ್ಲ್ಯಾಬನ್ನು ಟವೆಲಿನಲ್ಲಿ ಸುತ್ತಿ, ಅಂಚಿಗೆ ಇಕ್ಕಳ ಹಾಕಿ ಒಡೆದೆ. ಪಟಪಟ ಅಂತ ಸದ್ದು. ಮಗಳು ಓಡಿ ಬಂದು ನಾಣ್ಯ ಕೇಳಿದಳು. ಏಳು ವರ್ಷ ನನ್ನ ಹತ್ತಿರ ಇದ್ದರೂ ಅದನ್ನು ಬೆರಳಲ್ಲಿ ಮುಟ್ಟಿದ್ದು ಅದೇ ಮೊದಲು. ಅಂದುಕೊಂಡಿದ್ದಕ್ಕಿಂತ ಭಾರ ಇತ್ತು, ಅಂಚಿನ ಗೆರೆಗಳು ಚುರುಕಾಗಿದ್ದವು. ಅವಳು ಅದನ್ನು ಮೇಜಿನ ಮೇಲೆ ಬುಗುರಿ ಥರ ತಿರುಗಿಸಿದಳು. ಎದೆ ಧಸಕ್ ಅಂದಿದ್ದು ಒಂದೇ ಕ್ಷಣ. ಅರ್ಲಿ ರಿಲೀಸಸ್ ಚೀಟಿ ಪ್ಲಾಸ್ಟಿಕ್ ಚೂರುಗಳ ಮಧ್ಯೆ ಬಿದ್ದಿತ್ತು. ಎತ್ತಿಕೊಂಡು ಟಿವಿಯವರ ರಸೀದಿಗೆ ಪಿನ್ ಮಾಡಿಟ್ಟಿದ್ದೇನೆ.